ಖಾಲಿ ಮನೆಯ ಲೆಕ್ಕ

ತಮ್ಮ ಮನೆಯಲ್ಲಿ ಇರುವೆ ಮಗ್ಗುಲು ಬದಲಿಸಿದರೂ ತಮಗೆ ತಿಳಿಯುತ್ತದೆ ಎಂದು ಇಂಜಿನಿಯರು ಆಫೀಸಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡಿದ್ದರು. ಅದೂ ಮೇಲಧಿಕಾರಿ ಮೇಡಂ ಎದುರಿಗೆ. ಹಾಗಾಗಿ ಭಾನುವಾರ ಮೇಡಂ ಖುದ್ದಾಗಿ ಮನೆಗೇ ಬಂದರು. ಮೆಚ್ಚಿದರೆ ಹೊಸ ತಂಡಕ್ಕೆ ಇವರೇ ಮುಖ್ಯಸ್ಥರು; ಇಲ್ಲವಾದರೆ ಬೇರೆ ಯಾರೋ.

ವಿದ್ಯೆ ಇಷ್ಟೇ. ಮನೆಯೊಳಗೆ ಹರಡಿರುವ ವೈಫೈ ಅಲೆಗಳು ಮನುಷ್ಯರ ಮೈಗೆ ತಾಗಿ ಏರುಪೇರಾಗುತ್ತವೆ. ಅದನ್ನು ಓದಿ ಯಾರು ಎಲ್ಲಿದ್ದಾರೆ, ಕೈ ಎತ್ತಿದರೇ, ಜಾರಿ ಬಿದ್ದರೇ ಎಂದು ಹೇಳಬಹುದು. ಕ್ಯಾಮೆರಾ ಬೇಡ. (ಹೆಂಡತಿ ನೂರು ಸಲ ಕೂಗಿದರೂ ಕೇಳದ ಕಿವಿ, ಅಲೆಗಳ ಪಿಸುಮಾತಿಗೆ ಮಾತ್ರ ಬಲು ಚುರುಕು.)

ಸೋಫಾದಲ್ಲಿ ಕೂತೇ ಇಂಜಿನಿಯರು ರಾಜಗಾಂಭೀರ್ಯದಿಂದ ಬಲಗೈ ಎತ್ತಿದರು, ದೀಪ ಹತ್ತಿತು. ಎಡಗೈ ಬೀಸಿದರು, ಫ್ಯಾನ್ ನಿಂತಿತು.

"ಭೇಷ್," ಎಂದರು ಮೇಡಂ. "ಈಗ ಮನೇಲಿ ಎಷ್ಟು ಜನ ಇದ್ದೀವಿ, ಕೇಳಿ ನೋಡೋಣ."

ಯಂತ್ರದ ಪರದೆಯ ಮೇಲೆ ಮೂಡಿತು: ಇಬ್ಬರು.

"ಹಾಗಾದ್ರೆ ಒಳಗೆ ಪಾತ್ರೆ ತೊಳೀತಿರೋದು ಯಾರು?"

"ಅದು... ನನ್ನ ಹೆಂಡತಿ."

"ಅವರು ಲೆಕ್ಕಕ್ಕಿಲ್ವಾ?"

ಇಂಜಿನಿಯರು ಬೆವರು ಒರೆಸಿಕೊಂಡರು. (ಫ್ಯಾನನ್ನು ತಾವೇ ನಿಲ್ಲಿಸಿದ್ದರಲ್ಲ.) "ಯಂತ್ರಕ್ಕೆ ಮೊದಲು ಖಾಲಿ ಮನೆ ಹೇಗಿರುತ್ತೆ ಅಂತ ಕಲಿಸಬೇಕು ಮೇಡಂ. ಗೋಡೆ, ಬೀರು, ಮೇಜು. ಅದನ್ನು ಬಿಟ್ಟು ಉಳಿದಿದ್ದೆಲ್ಲ ಮನುಷ್ಯರು. ನಿನ್ನೆ ಬೆಳಿಗ್ಗೆ ಯಂತ್ರ ಚಾಲೂ ಮಾಡಿ ವಾಕಿಂಗ್ ಹೋಗಿದ್ದೆ. ಮನೆ ಪೂರ್ತಿ ಖಾಲಿ ಇತ್ತು."

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಖಾಲಿ ಎಲ್ಲಿತ್ತು ರೀ? ನಾನಿದ್ದೆನಲ್ಲ. ನೆಲ ಒರೆಸಿದೆ, ಬಟ್ಟೆ ಒಗೆದೆ, ನಿಮ್ಮ ಹಾಸಿಗೆ ಮಡಚಿದೆ."

"ನೀನಿದ್ದೆ, ಸರಿ. ಆದ್ರೆ ಮನೇಲಿ ಯಾರೂ ಇರಲಿಲ್ಲ ಅಂತ..."

"ಅಂದ್ರೆ ನಿಮ್ಮ ಯಂತ್ರ ಇವರನ್ನೂ ಬೀರು ಜೊತೆ ಸೇರಿಸಿಬಿಟ್ಟಿದೆ," ಎಂದರು ಮೇಡಂ.

"ಬೀರು ಪುಣ್ಯ ಮಾಡಿತ್ತು ಮೇಡಂ. ನಿಂತಲ್ಲೇ ನಿಂತಿರುತ್ತೆ." ಹೆಂಡತಿ ಬಂದು ಸೋಫಾದಲ್ಲಿ ಮೇಡಂ ಪಕ್ಕ ಕೂತಳು. ಕೂತದ್ದೇ ತಡ, ಪರದೆ ಬೆಚ್ಚಿಬಿದ್ದಂತೆ 'ಮೂವರು' ಎಂದಿತು. ಆಕೆ ಕೂತದ್ದನ್ನು ಅದು ಅಲ್ಲಿಯವರೆಗೆ ಒಮ್ಮೆಯೂ ಕಂಡಿರಲಿಲ್ಲ.

ಇಂಜಿನಿಯರಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ರಾ ಮೇಡಂ, ಸರಿಹೋಯ್ತು."

"ಟೀ ಒಲೆ ಮೇಲಿದೆ. ನೀವೇ ಸೋಸಿ ತನ್ನಿ," ಎಂದಳು ಹೆಂಡತಿ. "ನಾನು ಎದ್ದರೆ ಮತ್ತೆ ಮಾಯ ಆಗ್ತೀನಿ."

ಅವರು ಗೆದ್ದ ಹುರುಪಿನಲ್ಲೇ ಒಳಗೆ ಹೋದರು. ಎರಡು ಹೆಜ್ಜೆ ಇಟ್ಟಿರಬೇಕು, ಯಂತ್ರ ಕಿಟಾರನೆ ಅರಚತೊಡಗಿತು. ಪರದೆ ಕೆಂಪಾಯಿತು: ಅಡುಗೆಮನೆಯಲ್ಲಿ ಅಪರಿಚಿತ ವ್ಯಕ್ತಿ.

ಇವರ ನಡಿಗೆಯನ್ನು ಅದು ಹಾಲ್‌ನಲ್ಲಿ ಕಲಿತಿತ್ತು, ಮಲಗುವ ಕೋಣೆಯಲ್ಲಿ ಕಲಿತಿತ್ತು. ಅಡುಗೆಮನೆಯಲ್ಲಿ ಕಲಿಯುವ ಅವಕಾಶವೇ ಅದಕ್ಕೆ ಒದಗಿರಲಿಲ್ಲ.

"ಏ, ಸೋಸೋದು ಎಲ್ಲಿಟ್ಟಿದ್ದೀಯೆ?" ಅರಚಾಟದ ನಡುವೆ ಒಳಗಿನಿಂದ ದನಿ ಬಂತು.

"ನಿಮ್ಮ ಮೂಗಿನ ಎದುರಿಗೇ ಇದೆ ರೀ, ಮೊಳೆಗೆ ನೇತುಹಾಕಿದೆ."

ಮೇಡಂ ಕೆಂಪು ಪರದೆಯನ್ನೇ ನೋಡುತ್ತ ತಲೆದೂಗಿದರು. "ಯಂತ್ರ ಪಕ್ಕಾ ಇದೆ. ಮುಖ್ಯಸ್ಥರು ನೀವೇ," ಎಂದು ಒಳಗೆ ಕೇಳಿಸುವಂತೆ ಹೇಳಿದರು. "ಆದ್ರೆ ನಾಳೆಯಿಂದ ಆಫೀಸಿಗೆ ಬರಬೇಡಿ. ಪಾತ್ರೆ ತೊಳೀತಾ ಅಲ್ಲೇ ಇರಿ. ಅದು ನಿಮ್ಮನ್ನ ಗುರುತು ಹಿಡಿದ ದಿನ ಬನ್ನಿ, ಆರ್ಡರ್ ಕೊಡ್ತೀನಿ."