ಒಂದೇ ಸ್ವರ, ಎಂಟು ಸಲ

ಗಿಟಾರ್ ಹಿಡಿಯಲೂ ಬಾರದ ನಾನು ಪುಣೆಯಲ್ಲಿ ಗಿಟಾರ್ ಸಂಗೀತ ಮಾಡಿಕೊಡಲು ಹೊರಟರೆ ಇಂಥವೆಲ್ಲ ಆಗದೆ ಇನ್ನೇನಾಗುತ್ತದೆ? ವಾರವಿಡೀ ಮಗರಪಟ್ಟಾದಲ್ಲಿ ಆಫೀಸು, ಭಾನುವಾರ ಸಂಗೀತ. ಯಾರೋ ಪುಣ್ಯಾತ್ಮರು ನಿಜವಾದ ಗಿಟಾರಿನ ಒಂದೊಂದು ಸ್ವರವನ್ನೂ ಮೀಟಿ ರೆಕಾರ್ಡ್ ಮಾಡಿಟ್ಟಿದ್ದಾರೆ. ನಾನು ಲ್ಯಾಪ್‌ಟಾಪಿನ ಕೀ ಒತ್ತಿದರೆ ಅದು ಕೇಳುತ್ತದೆ, ಅಷ್ಟೇ. ಆದರೆ ಒಂದೇ ಸ್ವರವನ್ನು ಎಂಟು ಸಲ ಒತ್ತಿದರೆ ಎಂಟು ಸಲವೂ ಅದೇ ರೆಕಾರ್ಡಿಂಗ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

೧. ಹೊಲಿಗೆ ಮಿಷನ್

ನಾನು ದಿನಾ ತಿಂಡಿ ತಿನ್ನುವ ಹೋಟೆಲಿನ ಯಜಮಾನರು ಕುಂದಾಪುರದ ಕಡೆಯವರು. ವಿಮಾನ ನಗರದಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು, ಜಾಹೀರಾತಿಗೆ ಒಂದು ಟ್ಯೂನ್ ಬೇಕೆಂದರು. ಆದರೆ ಮನುಷ್ಯರು ನುಡಿಸಿದ್ದೇ ಆಗಬೇಕಂತೆ, ಯಂತ್ರದ್ದು ಬೇಡವಂತೆ. ಒಳ್ಳೆಯ ಗಿಟಾರ್ ವಾದಕರೊಬ್ಬರು ಗೊತ್ತು ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಸಿಕ್ಕಿಬಿದ್ದರೆ ಈ ಟ್ಯೂನಿನ ಕೆಲಸವೂ ಹೋಗುತ್ತದೆ, ಬೆಳಗಿನ ನೀರುದೋಸೆಯೂ ಹೋಗುತ್ತದೆ.

ಮುಂದಿನ ವಾರ ಟ್ಯೂನ್ ಕೇಳಿಸಿದೆ. ಶುರುವಿನಲ್ಲೇ ಒಂದೇ ಸ್ವರ, ಎಂಟು ಸಲ. ಯಜಮಾನರು ಕಣ್ಣುಮುಚ್ಚಿ ಕೇಳಿ, "ನಿಮ್ಮ ವಾದಕರು ಹೊಲಿಗೆ ಮಿಷನ್ ತುಳಿತಾ ನುಡಿಸಿದ್ದಾ ಮಾರಾಯ್ರೆ?" ಎಂದರು.

೨. ಕಾಕೂ ಬಂದರು

ಮನೆಗೆ ಬಂದು ಸಿಟ್ಟಿನಲ್ಲಿ ಎಂಟೂ ಸ್ವರಗಳನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಹಿಂದೆಮುಂದೆ ಎಳೆದೆ. ಒಂದು ಜೋರು, ಒಂದು ಮೆಲ್ಲಗೆ, ಒಂದು ಬೇಗ, ಒಂದು ತಡ. ಅರ್ಧ ಗಂಟೆಗೆ ಬಾಗಿಲು ಬಡಿದ ಸದ್ದು. ಎಲ್ಲರೂ ಕಾಕೂ ಎನ್ನುವ ಪಕ್ಕದ ಮನೆಯ ವಿಜಯಪುರದ ಹೆಂಗಸು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಹಗಲ್ ಹೊತ್ತಿನ್ಯಾಗ ಕುಡದು ಬಾರ್ಸಾಕತ್ತಾರಲ್ರೀ, ಯಾರವರು?" ಎಂದರು.

ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಕುಡುಕನಾದರೇನು, ಮನುಷ್ಯ ಅನ್ನಿಸಿತಲ್ಲ.

೩. ಕಾವಲಿ ಪಾಠ

ದಾರಿ ತೋರಿಸಿದ್ದು ಯಜಮಾನರ ಹೋಟೆಲಿನ ದೋಸೆ ಭಟ್ಟರೇ. ಸಾಲಾಗಿ ಎಂಟು ದೋಸೆ ಹಾಕಿದರು. ಎಲ್ಲವೂ ಒಂದೇ ಥರ, ಆದರೆ ಒಂದರ ಅಂಚು ಇನ್ನೊಂದಕ್ಕಿಲ್ಲ. ಮನೆಗೆ ಓಡಿ ಅದೇ ಸ್ವರದ ನಾಲ್ಕು ಬೇರೆ ಬೇರೆ ರೆಕಾರ್ಡಿಂಗ್ ಹುಡುಕಿ ಸರದಿಯಲ್ಲಿ ಹಾಕಿದೆ. ಮೊದಲನೆಯದಕ್ಕೆ ಸ್ವಲ್ಪ ಒತ್ತು, ನಾಲ್ಕನೆಯದು ಚೂರೇ ಚೂರು ತಡ.

ಮತ್ತೆ ಕೇಳಿಸಿದಾಗ ಯಜಮಾನರ ಕಣ್ಣು ತೇವವಾಯಿತು. "ಇವರ ಕೈಯಲ್ಲಿ ಜೀವ ಉಂಟು. ಆ ನಾಲ್ಕನೇದು ತಡ ಮಾಡಿದ್ರಲ್ಲ, ಅದು ಯಂತ್ರಕ್ಕೆ ಬರ್ತದಾ?" ಎಂದರು. ಸಾಧ್ಯವೇ ಇಲ್ಲ ಎಂದೆ. ಆ ತಡವನ್ನು ಮೌಸಿನಲ್ಲಿ ಎಳೆದು ಎಳೆದು ನನ್ನ ಬೆರಳು ಊದಿತ್ತು.

೪. ಎರಡು ಮಾತು

ಹೊಸ ಶಾಖೆಯ ಉದ್ಘಾಟನೆಗೆ ಹೋದರೆ ವೇದಿಕೆಯ ಮೇಲೊಂದು ಖಾಲಿ ಕುರ್ಚಿ, ಪಕ್ಕದಲ್ಲಿ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಗಿಟಾರ್ ವಾದಕರಿಗೆ ಸನ್ಮಾನ ಎಂದು ಮೈಕಿನಲ್ಲಿ ಹೇಳಿಯೂ ಆಗಿತ್ತು. ಟ್ರಾಫಿಕ್ ಎಂದೆ, ಜ್ವರ ಎಂದೆ. ಹಾಗಾದರೆ ಮನೆಗೇ ಹೋಗಿ ಶಾಲು ಹೊದಿಸುವ ಎಂದು ಯಜಮಾನರು ಕಾರು ತರಿಸಲು ಹೊರಟರು. ನಾನು ಓಡಿಹೋಗಿ ಅಡ್ಡ ನಿಂತೆ.

"ಅಂಥವರು ಯಾರೂ ಇಲ್ಲ ಯಜಮಾನ್ರೇ. ನುಡಿಸಿದ್ದು ಇದು" ಎಂದು ಚೀಲದಿಂದ ಲ್ಯಾಪ್‌ಟಾಪ್ ತೆಗೆದೆ.

ಅವರು ನನ್ನನ್ನು ನೋಡಿದರು, ಶಾಲನ್ನು ನೋಡಿದರು, ಕಾದು ಕೂತ ಜನರನ್ನು ನೋಡಿದರು. ಆಮೇಲೆ ಲ್ಯಾಪ್‌ಟಾಪನ್ನು ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಪರದೆಗೆ ಪೇಟ ಇಟ್ಟರು. ಹಣ್ಣಿನ ಬುಟ್ಟಿಯನ್ನೂ ಅದರ ಮುಂದೆಯೇ ಇಟ್ಟು, ಈಗ ವಾದಕರು ಎರಡು ಮಾತಾಡುತ್ತಾರೆ ಎಂದು ಮೈಕನ್ನು ಅದರತ್ತ ತಿರುಗಿಸಿದರು. ನಾನು ಕೀ ಒತ್ತಿದೆ. ಅದೇ ಸ್ವರ, ಎಂಟು ಸಲ. ಚಪ್ಪಾಳೆ.

"ಸನ್ಮಾನಕ್ಕೆ ಉತ್ತರ ಇಷ್ಟು ಬೇಗ ಮುಗಿಸಿದವರನ್ನು ಪುಣೆಯಲ್ಲಿ ನಾನು ಇವತ್ತೇ ನೋಡಿದ್ದು" ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ನೀರುದೋಸೆಗೆ ಇವರನ್ನು ಕರ್ಕೊಂಡು ಬನ್ನಿ. ಜೊತೆಗೆ ನೀವು ಬಂದ್ರೂ ಅಡ್ಡಿಲ್ಲ."