ನಿಲುವಂಗಿಯ ಮೇಲೆ ಮಲಗಿದ ಬೆಕ್ಕು

ಗುಮಾನಿ ಮಾಸ್ಟರನಿಗೆ ಆ ಬೆಕ್ಕಿನ ಮೇಲೆ ಮೊದಲ ದಿನವೇ ಅನುಮಾನ ಬಂದಿತ್ತು. ಮೊನ್ನೆ ಬೆಳಿಗ್ಗೆ ಕಿಟಕಿಯಿಂದ ಅವನ ಹೊಲಿಗೆಯಂಗಡಿಯೊಳಗೆ ಹಾರಿದ್ದೇ ತಡ, ಅದು ನೆಟ್ಟಗೆ ಹೋಗಿ ಹಾಜಿಗಳ ಮಗನ ಮದುವೆಯ ನಿಲುವಂಗಿಯನ್ನೇ ಮೂಸಿ ನೋಡಿತು. ಅಂಗಡಿ ತುಂಬ ಊರವರ ಬಟ್ಟೆ ತೂಗಾಡುತ್ತಿರುವಾಗ ಅದೊಂದೇ ಯಾಕೆ ಬೇಕಿತ್ತು? ಎದುರಿನ ಹೊಲಿಗೆಯಂಗಡಿಯ ನಗುಮುಖದ ಮಾಸ್ಟರನೇ ಕಳಿಸಿದ್ದಾನೆ, ಸಂಶಯವೇ ಇಲ್ಲ. ಗುಮಾನಿ ಮಾಸ್ಟರ ಬಾಗಿಲು, ಕಿಟಕಿ ಎರಡಕ್ಕೂ ಚಿಲಕ ಜಡಿದ.

"ಬೆಕ್ಕನ್ನ ಹೊರಗೆ ಬಿಡೋ," ಎಂದಳು ಗುಂಡಿ ಹಚ್ಚುತ್ತಿದ್ದ ತಾಯಿ.

"ಬಿಟ್ಟರೆ ಕೆಟ್ಟೆ ಅಮ್ಮಾ. ಅದರ ಮೈಗೆ ದಾರ ಅಂಟಿದೆ ನೋಡು. ಅವನು ದಾರ ನೋಡಿ ಬಣ್ಣ ಕಂಡುಹಿಡೀತಾನೆ, ಬಣ್ಣ ನೋಡಿ ಬಟ್ಟೆ ಕಂಡುಹಿಡೀತಾನೆ. ನಾಳೆ ಅಂಥದ್ದೇ ನಿಲುವಂಗಿ ಅವನಂಗಡೀಲಿ ನೇತಾಡ್ತಿರುತ್ತೆ."

"ಬೆಕ್ಕನ್ನ ಕೂಡಿಹಾಕಿ ಉಪವಾಸ ಕೆಡವಿದ ಹೆಂಗಸಿಗೆ ನರಕವೇ ಗತಿಯಾಯ್ತು ಅಂತ ಪ್ರವಾದಿಯವರು ಹೇಳಿಲ್ವೇನೋ?"

"ನಾನು ಹೊತ್ತುಹೊತ್ತಿಗೆ ಹಾಲು ಹಾಕ್ತಿದೀನಲ್ಲ!"

ಅವನ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಗಡಿಯಾರದಂಗಡಿಯ ಹಾಜಿಗಳು ಸ್ಪಷ್ಟವಾಗಿ ಹೇಳಿದ್ದರು: "ಮೊದಲು ಮದುಮಗನ ನಿಲುವಂಗಿ ಹೊಲೀರಿ. ಮನಸ್ಸಿಗೆ ಬಂದ್ರೆ ಮನೆಮಂದೀದು ಹತ್ತೊಂಬತ್ತು ಜೊತೆ ಬಟ್ಟೆಯೂ ನಿಮಗೇ." ಇವತ್ತು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅವರು ನೋಡಲು ಬರುವವರಿದ್ದರು. ಹತ್ತೊಂಬತ್ತು ಜೊತೆ ಎಂದರೆ ತಿಂಗಳಿಡೀ ಕೈತುಂಬ ಕೆಲಸ. ಅಷ್ಟು ದೊಡ್ಡ ತುತ್ತು ಎದುರಂಗಡಿಗೆ ಹೋಗಕೂಡದೆಂದು ಅವನು ಗಳಿಗೆಗೊಮ್ಮೆ ಚಿಲಕ ಎಳೆದು ನೋಡುತ್ತಿದ್ದ.

ಮಧ್ಯಾಹ್ನ ಊಟ ಮಾಡಿ ಬಂದು ನೋಡುತ್ತಾನೆ, ಬೆಕ್ಕು ನಿಲುವಂಗಿಯ ಬಲತೋಳಿನ ಮೇಲೆ ಗಡದ್ದಾಗಿ ನಿದ್ದೆ ಹೊಡೆಯುತ್ತಿದೆ.

"ಏಯ್, ಏಳು!" ಎಂದು ಅವನು ಅಳತೆಪಟ್ಟಿ ಬೀಸಿದ.

"ಎಬ್ಬಿಸಬೇಡ!" ಎಂದು ತಾಯಿ ಕೂಗಿದ ಕೂಗಿಗೆ ಪಕ್ಕದ ಕನ್ನಡಕದಂಗಡಿಯವನು ಕಳ್ಳ ಹೊಕ್ಕನೆಂದು ಓಡಿಬಂದು ಬಾಗಿಲು ಬಡಿದ. ಚಿಲಕ ತೆಗೆಯಲೇಬೇಕಾಯಿತು. ಅವನ ಹಿಂದೆ ಅರ್ಧ ಬೀದಿಯೇ ಒಳಗೆ ಬಂತು. ಕೊನೆಗೆ ನಗುಮುಖದ ಮಾಸ್ಟರನೂ ಬಂದ, ನಗುತ್ತಲೇ.

ತಾಯಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಪ್ರವಾದಿಯವರ ನಿಲುವಂಗಿಯ ತೋಳಿನ ಮೇಲೆ ಬೆಕ್ಕು ಮಲಗಿತ್ತಂತೆ. ನಮಾಜಿಗೆ ಹೊತ್ತಾದಾಗ ಅದರ ನಿದ್ದೆ ಕೆಡಿಸೋದು ಬೇಡ ಅಂತ ಆ ತೋಳಿನ ಬಟ್ಟೇನೇ ಕತ್ತರಿಸಿ ಎದ್ದರಂತೆ. ಹಿರಿಯರು ಹೇಳ್ತಿದ್ದ ಕತೆ."

"ಅವರು ಕತ್ತರಿಸಿದ್ದು ತಮ್ಮ ಅಂಗಿ ಅಮ್ಮಾ! ಇದು ಗಿರಾಕೀದು!"

"ಗಿರಾಕಿ ಅಂದ್ರೆ ಯಾರು? ಹಾಜಿಗಳು!" ಎಂದ ಕನ್ನಡಕದವನು. "ಅವರಿಗೂ ಪುಣ್ಯ ಬರುತ್ತಲ್ಲ. ನೀವು ಬೆಕ್ಕನ್ನ ದಬ್ಬಿದ್ರಿ ಅಂತ ಅವರ ಕಿವಿಗೆ ಬಿದ್ರೆ ಏನು ಗತಿ?"

ಯಾರ ಬಾಯಿಂದ ಬೀಳುತ್ತದೆಂದು ಗುಮಾನಿ ಮಾಸ್ಟರನಿಗೆ ಗೊತ್ತಿತ್ತು. ಓರೆಗಣ್ಣಿನಿಂದ ನೋಡಿದ. ನಗುಮುಖದ ಮಾಸ್ಟರ ಇನ್ನೂ ನಗುತ್ತಿದ್ದ.

ತೋಳಿನ ಹೊಲಿಗೆ ಬಿಚ್ಚಿದರಾಗುತ್ತಿತ್ತು. ಆದರೆ ಎದುರಂಗಡಿಯವನು ಕದ್ದು ಬಿಚ್ಚಿ ನೋಡಿಯಾನೆಂಬ ಗುಮಾನಿಯಿಂದ ತಾನೇ ಮೂರು ಸುತ್ತು ಒತ್ತಾಗಿ ಹೊಲಿದಿದ್ದ. ಬಿಚ್ಚಲು ಕುಳಿತರೆ ರಾತ್ರಿಯಾಗುವುದು ಖಂಡಿತ. ಬೀರು ತೆರೆದು ನೋಡಿದ. ಪುಣ್ಯಕ್ಕೆ ಒಂದು ತೋಳಿಗಾಗುವಷ್ಟು ಬಟ್ಟೆ ಮಿಕ್ಕಿತ್ತು. ಕಣ್ಣು ಮುಚ್ಚಿಕೊಂಡು ಕತ್ತರಿ ಆಡಿಸಿದ.

ಕರಕ್ ಎಂಬ ಸದ್ದಿಗೆ ಬೆಕ್ಕು ಎಚ್ಚರಗೊಂಡು, ಮೈಮುರಿದು, ತೆರೆದ ಬಾಗಿಲಿನಿಂದ ಹೊರಗೆ ನಡೆದುಬಿಟ್ಟಿತು. ಅದರ ಹಿಂದೆಯೇ ನಗುಮುಖದ ಮಾಸ್ಟರನೂ ಮಾಯವಾದ. ಅದೇ ಬಾಗಿಲಿನಿಂದ ಹಾಜಿಗಳು ಒಳಗೆ ಬಂದರು.

ಒಂಟಿತೋಳಿನ ನಿಲುವಂಗಿ ನೋಡಿ ಅವರ ಹುಬ್ಬು ಮೇಲೇರಿತು. ಬೀದಿಯವರೆಲ್ಲ ಒಟ್ಟಿಗೆ ನಡೆದದ್ದನ್ನು ಹೇಳಿದರು. ಹಾಜಿಗಳ ಕಣ್ಣು ತುಂಬಿ ಬಂತು.

"ಎಂಥಾ ಮನಸ್ಸು ಮಾಸ್ಟ್ರೇ ನಿಮ್ಮದು! ತೋಳು ಇನ್ನೊಂದು ಹಚ್ಚಿದ್ರಾಯ್ತು. ಹತ್ತೊಂಬತ್ತೂ ನಿಮಗೇ."

ಗುಮಾನಿ ಮಾಸ್ಟರನಿಗೆ ಕುಣಿಯಬೇಕೆನಿಸಿತು. ಜನ್ಮದಲ್ಲಿ ಮೊದಲ ಬಾರಿಗೆ ಅವನು ಯಾರನ್ನೂ ಅನುಮಾನಿಸದೆ ನಕ್ಕ.

"ಎಂಥಾ ಬೆಕ್ಕು ಅದು?" ಹಾಜಿಗಳು ಅಕ್ಕರೆಯಿಂದ ಕೇಳಿದರು.

"ಹಳದಿ ಬೆಕ್ಕು. ಬಾಲದ ತುದಿ ಮಾತ್ರ ಬಿಳಿ."

ಹಾಜಿಗಳ ಮುಖ ಸಪ್ಪಗಾಯಿತು. "ನಮ್ಮ ಮನೇದು! ಮೊನ್ನೆಯಿಂದ ಹುಡುಕ್ತಾ ಇದೀವಿ. ನಿಮ್ಮಲ್ಲಿಗೆ ಯಾವಾಗ ಬಂತು?"

"ಈಗಷ್ಟೇ..." ಎಂದ ಗುಮಾನಿ ಮಾಸ್ಟರ.

"ಸುಳ್ಳು ಹೇಳಬೇಡ್ವೋ," ಎಂದಳು ತಾಯಿ. "ಮೊನ್ನೆ ಬಂತು ಹಾಜಿಗಳೇ. ಹೊರಗೆ ಬಿಡು ಅಂತ ಎಷ್ಟು ಬಡ್ಕೊಂಡೆ, ಚಿಲಕ ತೆಗೀಲಿಲ್ಲ."

"ಕೂಡಿಹಾಕಿದ್ರಾ? ಮೂಕಪ್ರಾಣೀನ?"

"ಇಲ್ಲ ಹಾಜಿಗಳೇ, ಅದು... ಅದರ ಮೈಮೇಲೆ ದಾರ... ಅದು ಗೂಢಚಾರ ಅಂತ..." ಹೇಳಹೇಳುತ್ತ ತನ್ನ ಮಾತು ತನಗೇ ಹುಚ್ಚನ ಮಾತಿನಂತೆ ಕೇಳಿಸಿತು.

ಆಗಲೇ ಬಾಗಿಲ ಹೊರಗಿನಿಂದ ಮಾತು ಕೇಳಿಸಿಕೊಂಡ ನಗುಮುಖದ ಮಾಸ್ಟರ ಬೆಕ್ಕನ್ನು ಎತ್ತಿಕೊಂಡು ಬಂದ. "ಇದೇನಾ ಹಾಜಿಗಳೇ ನಿಮ್ಮ ಬೆಕ್ಕು? ಪಾಪ, ನಮ್ಮಂಗಡಿ ಮೆಟ್ಟಿಲ ಮೇಲೆ ಕೂತಿತ್ತು." ಬೆಕ್ಕಿನ ಕಿವಿಗೆ ಅಂಟಿದ್ದ ದಾರವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿದ. "ಓಹೋ, ಪಿಸ್ತಾ ಹಸಿರು!"

ಕಂಡುಹಿಡಿದೇಬಿಟ್ಟ! ಗುಮಾನಿ ಮಾಸ್ಟರ ತಾಯಿಯತ್ತ ತಿರುಗಿ, ನೋಡಿದೆಯಾ ಎಂಬಂತೆ ಕಣ್ಣರಳಿಸಿದ. ಅವಳು ಮುಖ ತಿರುಗಿಸಿದಳು.

"ಹತ್ತೊಂಬತ್ತೂ ನೀವೇ ಹೊಲೀರಪ್ಪ," ಎಂದರು ಹಾಜಿಗಳು ನಗುಮುಖದವನಿಗೆ. ಗುಮಾನಿ ಮಾಸ್ಟರ ಕೈ ಮುಗಿದು, "ಈ ನಿಲುವಂಗಿಯಾದ್ರೂ..." ಎಂದ. ಹಾಜಿಗಳು ಸ್ವಲ್ಪ ಕರಗಿದರು. "ಆಯ್ತು. ಇದೊಂದಕ್ಕೆ ತೋಳು ಹಚ್ಚಿ ನಾಳೆ ಕಳಿಸಿ."

ಈ ಮಾತಿನ ನಡುವೆ ಬೆಕ್ಕು ಕೈ ಜಾರಿಸಿಕೊಂಡು ಮೇಜಿನ ಮೇಲೆ ಹಾರಿತು. ಸುತ್ತಲೂ ನೋಡಿ, ನಿಲುವಂಗಿಯ ಎಡತೋಳಿನ ಮೇಲೆ ಉಂಡೆಯಾಗಿ ಮಲಗಿ ಕಣ್ಣು ಮುಚ್ಚಿತು.

ಹಾಜಿಗಳು ತುಟಿಯ ಮೇಲೆ ಬೆರಳಿಟ್ಟರು. ಬೀದಿಯವರೆಲ್ಲ ಉಸಿರು ಬಿಗಿಹಿಡಿದರು.

"ಪಾಪ, ಎರಡು ದಿನದಿಂದ ನೆಮ್ಮದೀಲಿ ನಿದ್ದೆ ಮಾಡಿಲ್ಲ," ಎಂದು ಹಾಜಿಗಳು ಪಿಸುಗುಟ್ಟಿದರು. "ತೋಳಿನ ಸಮೇತ ಹಾಗೇ ಎತ್ಕೊಂಡು ಹೋಗ್ತೀನಿ. ಮಾಸ್ಟ್ರೇ, ಕತ್ತರಿ ತಗೊಳ್ಳಿ. ಈ ಸಲ ಸದ್ದಾಗಬಾರದು."

ಗುಮಾನಿ ಮಾಸ್ಟರ ಕತ್ತರಿ ಕೈಗೆತ್ತಿಕೊಂಡು ಬೀರುವಿನ ಕಡೆ ನೋಡಿದ. ಅಲ್ಲಿ ಮಿಕ್ಕಿದ್ದ ಬಟ್ಟೆ ಒಂದೇ ತೋಳಿಗೆ.