ಒಂದೇ ಹಾಸಿಗೆಯ ಗಾಡಿ

ಒಂಟಿ ಹೆಂಗಸು ಊರು ಬಿಟ್ಟು ಹೊರಟಳೆಂದರೆ, ಓಣಿಯ ತಿರುವಿನಾಚೆ ಕಾಲಿಡದವರೂ ದಾರಿ ಹೇಳಲು ಮುಂದೆ ಬರುತ್ತಾರೆ. ಖಂಡಿಸಲೇಬೇಕಾದ ಚಾಳಿ ಇದು. ಆಸ್ಪತ್ರೆಯಲ್ಲಿ ಆಯುಷ್ಯವಿಡೀ ಪರರ ಕರೆಗಂಟೆಗೆ ಓಡಿ ನಿವೃತ್ತಳಾದ ನರ್ಸಮ್ಮ, ಒಬ್ಬಳೇ ಊರೂರು ಸುತ್ತಲೆಂದು, ಒಳಗೇ ಅಡುಗೆ-ಹಾಸಿಗೆಯಿರುವ ಮೋಟಾರ್‌ಹೋಮ್ ಗಾಡಿ ಕೊಳ್ಳಲು ಹೊರಟದ್ದೇ ತಡ, ನಾದಿನಿಯೂ ಎದುರುಮನೆಯ ವಕೀಲರೂ ಅವಳ ಕಾರಿನಲ್ಲಿ ಮೊದಲೇ ಕುಳಿತಿದ್ದರು.

ಮಳಿಗೆಯಂಗಳದಲ್ಲಿ ಆಕೆಯ ಮನಸ್ಸು ಒಂದೇ ಹಾಸಿಗೆಯ ಪುಟ್ಟ ಗಾಡಿಗೆ ಅಂಟಿತು.

“ಬೆಂಕಿಪೊಟ್ಟಣಕ್ಕೆ ಚಕ್ರ ಹಾಕಿದ ಹಾಗಿದೆಯಲ್ಲ ಅತ್ತಿಗೆ. ನಾನೆಲ್ಲಿ ಮಲಗಲಿ?” ಎಂದಳು ನಾದಿನಿ.

“ನೀನ್ಯಾಕೆ ಮಲಗ್ತೀಯ? ನಾನೊಬ್ಬಳೇ ಹೋಗೋದು.”

“ಹಾಗಂದ್ರೆ ಬಿಡೋಕಾಗುತ್ತಾ ನರ್ಸಮ್ಮ? ಆ ನಾಲ್ಕು ಹಾಸಿಗೆದು ನೋಡಿ. ಟೈರು ಪಂಚರ್ ಆದ್ರೆ ನಾನಿರ್ತೀನಿ.” ವಕೀಲರು ಟೈರನ್ನು ಒದ್ದು, ಕಾಲು ಹಿಡಿದುಕೊಂಡರು.

ಮಾರಾಟಗಾರನು ಎಲ್ಲರನ್ನೂ ಪುಟ್ಟ ಗಾಡಿಗೆ ಹತ್ತಿಸಿ, ಸೀಟಿನ ಪಕ್ಕದ ಗುಂಡಿ ತೋರಿಸಿದನು. “ಒಬ್ಬರೇ ಹೋಗೋ ಹೆಂಗಸರಿಗೆ ಅಂತಲೇ ಇದು ಮೇಡಂ. ಯಾರಾದ್ರೂ ಬಾಗಿಲು ಬಡಿದ್ರೆ ಇದನ್ನ ಒತ್ತಿ, ಒಳಗಿಂದಲೇ ಗದರಿಸಿ. ಹೊರಗೆ ಮೈಕಲ್ಲಿ ಕೇಳುತ್ತೆ.”

ಎಲ್ಲರನ್ನೂ ಇಳಿಸಿ ಆಕೆ ಬಾಗಿಲು ಹಾಕಿಕೊಂಡಳು. ಎಂಥ ಮೌನ! ಮೊಣಕೈಯೂರಿ ಒರಗುತ್ತಲೇ ವರ್ಷಗಳಿಂದ ನುಂಗಿದ್ದೆಲ್ಲ ಬಾಯಿಗೆ ಬಂತು.

“ನಾದಿನಿಯಂತೆ ನಾದಿನಿ. ಮಲಗಿದ್ರೆ ಗೊರಕೆ, ಎದ್ರೆ ದೂರು. ಆ ವಕೀಲರೋ, ಕೋರ್ಟಲ್ಲಿ ಆಡದೆ ಉಳಿದ ಮಾತನ್ನೆಲ್ಲ ನಮ್ಮ ಗೇಟಿನ ಮುಂದೆ ಸುರೀತಾರೆ. ಇವರ ಮುಖ ಕಾಣದ ಕಡೆ ಹೋದ್ರೆ ಸಾಕು.” ಆಕೆ ಗಟ್ಟಿಯಾಗಿ ನಕ್ಕಳು.

ಮೊಣಕೈ ತೆಗೆದಾಗ, ಅದರ ಕೆಳಗೆ ಗುಂಡಿಯ ಕೆಂಪುದೀಪ ಉರಿಯುತ್ತಿತ್ತು.

ಇಳಿದು ನೋಡಿದರೆ ನಾದಿನಿ ಕಣ್ಣೊರೆಸಿಕೊಳ್ಳುತ್ತಿದ್ದಳು; ವಕೀಲರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ನರ್ಸಮ್ಮನ ಮುಖ ಕಾದ ಹೆಂಚಾಯಿತು. ಎದುರಿಗೆ ಹೇಳಬೇಕಾದುದನ್ನು ಮರೆಯಲ್ಲಿ ಆಡುವುದು ಹೇಡಿತನವಲ್ಲದೆ ಮತ್ತೇನು?

“ಅತ್ತಿಗೆ, ನಾವಿಬ್ಬರೂ…”

“ಏನೂ ಹೇಳ್ಬೇಡಮ್ಮ. ನಾಲ್ಕು ಹಾಸಿಗೆದೇ ತಗೋತೀನಿ. ಇಬ್ಬರೂ ಬರಲೇಬೇಕು, ನನ್ನಾಣೆ.”

ಅಲ್ಲೇ ಮುಂಗಡ ಕೊಟ್ಟಳು. ಬಳಿಕ ಮಾರಾಟಗಾರನನ್ನು ಪಕ್ಕಕ್ಕೆ ಕರೆದು, “ಆ ಮೈಕು ಎಷ್ಟು ದೂರ ಕೇಳುತ್ತಪ್ಪ?” ಎಂದಳು.

“ಪುಟ್ಟ ಗಾಡಿದಾ ಮೇಡಂ? ಅದಕ್ಕಿನ್ನೂ ಹೊರಗಿನ ಸ್ಪೀಕರೇ ಜೋಡಿಸಿಲ್ಲ. ಬರೀ ದೀಪ ಉರಿಯುತ್ತೆ.”

ಕಾರಿನಲ್ಲಿ ನಾದಿನಿ ಆಕೆಯ ಕೈ ಹಿಡಿದುಕೊಂಡಳು. “ಅಣ್ಣ ಹೋದ ಮೇಲೆ ನೀವು ಹಾಗೆ ನಕ್ಕಿದ್ದೇ ಇಲ್ಲ. ಗಾಜಿನಾಚೆಯಿಂದ ನೋಡಿ ನಮಗೇ ನಾಚಿಕೆಯಾಯ್ತು. ‘ಬರಲ್ಲ, ನೀವೊಬ್ಬರೇ ಹೋಗಿ ಬನ್ನಿ’ ಅನ್ನೋಣ ಅಂತಿದ್ವಿ. ನೀವು ಬಿಡಲಿಲ್ಲ.”

ನರ್ಸಮ್ಮ ಮುಂಗಡದ ರಸೀದಿಯನ್ನು ಮಡಿಸಿ ಚೀಲದ ತಳಕ್ಕೆ ತುರುಕಿದಳು.

“ಕಿಟಕಿ ಪಕ್ಕದ ಹಾಸಿಗೆ ನಂದು. ನಾನು ಗೊರಕೆ ಹೊಡೀತೀನಿ ಅಂತ ಎಲ್ಲರೂ ಆಡ್ಕೋತಾರೆ. ನೀವು ಮಾತ್ರ ಒಂದು ದಿನಾನೂ ಒಂದು ಮಾತು ಅಂದೋರಲ್ಲ ಅತ್ತಿಗೆ.”